ತಮ್ಮನ ಮಗನ ರಕ್ತ

ನನ್ನ ತಮ್ಮನ ಮಗ ನನ್ನ ತಮ್ಮನಿಗೇ ಹುಟ್ಟಿದವನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಲ್ಲವೆಂದು ಅವನು ನಂಬುವಂತೆ ಮಾಡಿದೆ. ಅದಕ್ಕಾಗಿ ಸುಳ್ಳನ್ನೂ ಹೇಳಲಿಲ್ಲ — ಸುಳ್ಳು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ. ಒಂದು ಮಾತಾಡಿ ಸುಮ್ಮನಾದೆ. ಆ ಮಾತಿನಿಂದ ಒಬ್ಬ ಹೆಂಗಸು ಕಾಲು ಮುರಿದ ಮಗುವನ್ನು ಸೊಂಟದ ಮೇಲೆ ಹೊತ್ತು ತವರಿಗೆ ಹೋದಳು. ಒಬ್ಬ ಹುಡುಗ ಅಪ್ಪನಿದ್ದೂ ಅಪ್ಪನಿಲ್ಲದೆ ಬೆಳೆದ.

ಇದನ್ನು ಓದಿ ನೀವು ನನ್ನನ್ನು ಕ್ಷಮಿಸಬೇಕಾಗಿಲ್ಲ. ಕ್ಷಮಿಸಲು ನೀವು ಯಾರು? ಅಳುತ್ತಾ ಬರೆಯುತ್ತಿದ್ದೇನೆಂದೂ ತಿಳಿಯಬೇಡಿ. ನನಗೆ ಅಳು ಸುಲಭವಾಗಿ ಬರುವುದಿಲ್ಲ. ಸುಲಭವಾಗಿ ಬರುವುದು ಹಗೆ. ಅದೊಂದು ನನಗೆ ಚಿಕ್ಕಂದಿನಿಂದ ಒಲಿದು ಬಂದಿದೆ.

ನಮ್ಮೂರು ಮೆಟ್ಟೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪ ಕುರಿ ಕಟ್ಟಿಕೊಂಡು, ಮಳೆ ಬಂದ ವರ್ಷ ರಾಗಿ, ನೆಲಗಡಲೆ ಬೆಳೆದು ನಮ್ಮಿಬ್ಬರನ್ನೂ ಸಾಕಿದ — ನಾನು ದೊಡ್ಡವಳು, ಸಿದ್ದರಾಜು ನನಗಿಂತ ಚಿಕ್ಕವನು. ಊರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ಧರ್ಮಪುರಿ ಕಡೆಯ ಒಂದು ಶಾಲೆಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ, ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲದ ಕಡೆ ಇದ್ದಾಗ. ಆ ಸಂಸಾರ ಉಳಿಯಲಿಲ್ಲ. ನನಗೆ ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ತಂದ, ನಾನು ಅವ್ವನ ಮನೆಗೆ ವಾಪಸು ಬಂದೆ. ಅಲ್ಲಿಂದ ತಂದದ್ದು ಈ ಅಕ್ಷರ ಮಾತ್ರ.

ಅವ್ವ ಇರುವವರೆಗೆ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅವ್ವ ಹೋದಳು, ಅಪ್ಪನೂ ಹೋದ. ಸಿದ್ದ ಮೆಟ್ಟೂರಿನ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ, ಮೊರಪ್ಪೂರಿನ ಹತ್ತಿರದ ಹಳ್ಳಿಯಿಂದ ಮಾದೇವಿಯನ್ನು ಮದುವೆಯಾಗಿ ತಂದ. ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು. ಹೋಗಬೇಕಾದದ್ದೇ. ಆದರೆ ಅವಳು ಅದನ್ನು ಕೇಳಿ ಪಡೆಯಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಮೊಳೆಯಿಂದ ತೆಗೆದು ಸಿಕ್ಕಿಸಿಕೊಂಡಳು. ಇಂಥ ಸಣ್ಣ ಸಣ್ಣ ಸಂಗತಿಗಳನ್ನು ನಾನು ಮರೆಯುವವಳಲ್ಲ. ಅವಳೂ ಅಷ್ಟೆ. ನಾನು ಉಪ್ಪು ಹಾಕಿದ ಸಾರಿಗೆ ಅವಳು ಮತ್ತೆ ಉಪ್ಪು ಹಾಕುವಳು. ಅವಳು ಒಣಹಾಕಿದ ಸೀರೆಯನ್ನು ನಾನು ತಂತಿಯ ಆ ಕೊನೆಗೆ ತಳ್ಳುವೆ. ಇಬ್ಬರೂ ಜೋರಾಗಿ ಜಗಳವಾಡಿದವರಲ್ಲ — ಆಡಿದ್ದರೆ ಒಳ್ಳೆಯದಿತ್ತೋ ಏನೋ.

ಬೀರೇಶ ಹುಟ್ಟಿದ. ಅವನಿಗೆ ಕಿವಿ ಚುಚ್ಚಿಸುವ ದಿನ ನೆಂಟರೆಲ್ಲ ಸೇರಿದ್ದರು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವ ಮೊದಲು ಅತ್ತೆಯಾದ ನಾನು ಎತ್ತಿಕೊಂಡು ಬರುವೆನೆಂದು ಕೈ ಚಾಚಿದೆ. ಮಾದೇವಿ ದನಿ ಏರಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅತ್ಗೆ ಕೈಗೆ ಬ್ಯಾಡ. ಇವತ್ತು ಒಳ್ಳೇ ದಿನ."

ಚಾಚಿದ ಕೈ ಚಾಚಿದಂತೆಯೇ ಇತ್ತು. ಸಿದ್ದ ಕೇಳಿಸಿಕೊಂಡ, ತಲೆ ತಗ್ಗಿಸಿದ. ಆ ವಾರವೇ ನಾನು ಧರ್ಮಪುರಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದೆ.

ಇದನ್ನು ನನ್ನ ತಪ್ಪಿಗೆ ನೆಪವಾಗಿ ಹೇಳುತ್ತಿಲ್ಲ. ಅವಳು ಆಡಿದ್ದು ಒಂದು ಮಾತು. ಅದಕ್ಕೆ ಮಾತೇ ಸಾಕಿತ್ತು. ನಾನು ತಿರುಗಿ ಒಂದು ಮಾತು ಬೈದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ನಾನು ಬೈಯಲಿಲ್ಲ, ಕಾದೆ. ಕಾಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ — ಇಲ್ಲ, ಗೊತ್ತಿತ್ತು.

ಬೀರನಿಗೆ ಏಳು ವರ್ಷವಾದಾಗ ಹುಣಸೆಮರದಿಂದ ಬಿದ್ದ. ತೊಡೆಯ ಮೂಳೆ ಮುರಿದು ಹೊರಗೆ ಬಂದಿತ್ತು, ರಕ್ತ ಬಹಳ ಹೋಗಿತ್ತು. ಸೇಲಂನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ. ಹಾಗೇ ಎದ್ದು ಬಸ್ಸು ಹತ್ತಿದೆ. ಹುಡುಗನ ಮೇಲೆ ನನಗೆ ದ್ವೇಷವಿರಲಿಲ್ಲ. ಅವನಿಗೆ ನಮ್ಮ ಅವ್ವನ ಮುಖ — ಅದೇ ಅಗಲ ಹಣೆ, ಅದೇ ಒಂದು ಕಡೆ ಮಡಿಚಿದ ಕಿವಿ. ಕಾಲಿನ ಕಿರುಬೆರಳು ಒಳಗೆ ಬಾಗಿರುವುದು ಸಿದ್ದನಿಗೂ ಇದೆ, ಅಪ್ಪನಿಗೂ ಇತ್ತು.

ಆಪರೇಷನ್‌ಗೆ ರಕ್ತ ಬೇಕೆಂದರು. ಬೀರನದು ಓ ಗುಂಪು. ಸಿದ್ದ ಕೈ ಚಾಚಿದ. ಅವನದು ಎ, ಆಗುವುದಿಲ್ಲವೆಂದರು. ಮಾದೇವಿಯದು ಬಿ, ಅದೂ ಆಗುವುದಿಲ್ಲವೆಂದರು. ನನ್ನದು ಓ. ನಾನು ಕೊಟ್ಟೆ. ಮಾದೇವಿ ಗೋಡೆಗೆ ಒರಗಿ ನನ್ನ ತೋಳಿಗೆ ಕಟ್ಟಿದ ಹತ್ತಿಯನ್ನೇ ನೋಡುತ್ತಿದ್ದಳು. ಹುಡುಗ ಉಳಿದ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಪ್ರತಿವರ್ಷ ಬೋರ್ಡಿನ ಮೇಲೆ ಚೌಕ ಗೀಚಿ ಮಕ್ಕಳಿಗೆ ಹೇಳುತ್ತಿದ್ದ ವಿಷಯ. ರಕ್ತದ ಗುಂಪಿನ ಗುಣ ನಮ್ಮೆಲ್ಲರಲ್ಲೂ ಎರಡೆರಡು ಇರುತ್ತವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಎ ಇದ್ದರೆ ಅದು ಕಾಣುತ್ತದೆ, ಬಿ ಇದ್ದರೂ ಕಾಣುತ್ತದೆ. ಓ ಹಾಗಲ್ಲ, ಎ ಜೊತೆಗೋ ಬಿ ಜೊತೆಗೋ ಇದ್ದರೆ ಅದು ಅಡಗಿಕೊಂಡೇ ಇರುತ್ತದೆ. ಎ ಗುಂಪಿನ ಅಪ್ಪನೊಳಗೆ ಒಂದು ಓ ಅಡಗಿರಬಹುದು, ಬಿ ಗುಂಪಿನ ಅವ್ವನೊಳಗೂ ಒಂದು ಅಡಗಿರಬಹುದು. ಆ ಎರಡೂ ಒಂದು ಮಗುವಿನಲ್ಲಿ ಕೂಡಿದರೆ ಮಗು ಓ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಯಾರ ಮಾನವೂ ಹೋಗುವುದಿಲ್ಲ. ರಕ್ತದ ಗುಂಪು ಅಪ್ಪ ಯಾರೆಂದು ಹೇಳುವುದಿಲ್ಲ. ಯಾರು ಆಗಲಾರರೆಂದು ಕೆಲವು ಸಲ ಹೇಳುತ್ತದೆ, ಅಷ್ಟೆ.

ನನಗೆ ಇನ್ನೂ ಒಂದು ಗೊತ್ತಿತ್ತು. ಅವ್ವನಿಗೆ ಗರ್ಭಕೋಶದ ಆಪರೇಷನ್ ಆದಾಗ ರಕ್ತ ಕೊಟ್ಟವಳು ನಾನೇ. ಅವ್ವನದು ಓ. ಅಂದರೆ ಅವಳ ಹೊಟ್ಟೆಯಲ್ಲಿ ಹುಟ್ಟಿದ ಪ್ರತಿಯೊಬ್ಬರಲ್ಲೂ ಒಂದು ಓ ಇರಲೇಬೇಕು. ಸಿದ್ದನಲ್ಲಿ ಅದು ಇದೆಯೋ ಇಲ್ಲವೋ ಎಂಬ ಅನುಮಾನಕ್ಕೂ ನನಗೆ ಜಾಗವಿರಲಿಲ್ಲ.

ಹುಡುಗನಿಗೆ ಪ್ರಜ್ಞೆ ಬಂದ ಮಾರನೆಯ ದಿನ ಮಧ್ಯಾಹ್ನ, ಆಸ್ಪತ್ರೆಯ ಗೇಟಿನ ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ನಾನು, ಸಿದ್ದ ಕೂತಿದ್ದೆವು. ಪಕ್ಕದ ಮಂಚದ ರೋಗಿಯ ಕಡೆಯವನು ಯಾರೋ ಅವನ ತಲೆಯಲ್ಲಿ ಹುಳ ಬಿಟ್ಟಿದ್ದ. ಟೀ ಆರುತ್ತಿತ್ತು. ಅವನು ಗ್ಲಾಸನ್ನು ಮುಟ್ಟಿರಲಿಲ್ಲ.

"ಅಕ್ಕ, ನಿಂದು ಅವನ್ಗೆ ಸೇರ್ತೈತೆ. ನಂದೂ ಸೇರಲ್ಲ, ಅವಳ್ದೂ ಸೇರಲ್ಲ. ಅದೆಂಗೆ? ಅಪ್ಪಂದು ಇಲ್ಲಾಂದ್ರೆ ಅಮ್ಮಂದು, ಎರಡ್ರಲ್ಲಿ ಒಂದು ಇರ್ಲೇಬೇಕಂತಲ್ಲ. ನಂಗೆ ಸಂದೇಗ ಬಂದೈತೆ. ನೀನು ಇದ್ನೇ ಮಕ್ಳಿಗೆ ಪಾಡಂ ಯೋಳೋಳು. ನೀನೇ ಯೋಳು."

ಅವನ ಮುಖ ನೋಡಿದೆ. ಇಲ್ಲ ಕಣೋ, ಹುಚ್ಚ, ನಿನ್ನೊಳಗೆ ಅವ್ವನ ಓ ಇದೆ — ಎಂದರೆ ಮುಗಿಯುತ್ತಿತ್ತು. ಟೀ ಆರುವುದರೊಳಗೆ ಮುಗಿಯುತ್ತಿತ್ತು. ಅವನು ಎದ್ದು ಒಳಗೆ ಹೋಗಿ ಮಗನ ತಲೆ ಸವರುತ್ತಿದ್ದ. ಮಾತು ಗಂಟಲಿನವರೆಗೂ ಬಂತು. ಅಲ್ಲಿ, ಗಂಟಲಿಗೆ ಅಡ್ಡವಾಗಿ, ಕಿವಿ ಚುಚ್ಚಿಸಿದ ದಿನದ ಮಾದೇವಿ ನಿಂತಿದ್ದಳು. ನಾನು ಉಸಿರೆಳೆದು, ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದೆ:

"ಅದ್ನ ನನ್ನ ಬಾಯಾಗೆ ಯಾಕಪ್ಪ ಯೋಳುಸ್ತೀಯ."

ಅಷ್ಟೇ. ಅವನು ಟೀ ಕುಡಿಯದೆ ಎದ್ದ. ನನಗೆ ಆಗ ಏನನ್ನಿಸಿತು ಎಂದು ಬರೆಯಬೇಕಲ್ಲ — ಸುಖವೆನ್ನಿಸಿತು. ಹಸಿದವಳಿಗೆ ಮೊದಲ ತುತ್ತು ಇಳಿದ ಹಾಗೆ.

ಹುಡುಗನನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡಿದ ದಿನ ಸಿದ್ದ ಅವರಿಬ್ಬರನ್ನೂ ಊರಿಗೆ ಕರೆದುಕೊಂಡು ಹೋಗದೆ ಮೊರಪ್ಪೂರಿನ ದಾರಿಯ ಬಸ್ಸಿಗೆ ಹತ್ತಿಸಿದ. ಯಾರ ಮಗನೋ ಅವನ ಹತ್ತಿರ ಹೋಗು ಅಂದನಂತೆ. ಮಾದೇವಿ ಮೊದಲು ನಕ್ಕಳಂತೆ, ತಮಾಷೆಯೆಂದುಕೊಂಡು.

ಕೆಲವು ದಿನ ಬಿಟ್ಟು ಅವಳು ಧರ್ಮಪುರಿಯ ನನ್ನ ಕೋಣೆಗೆ ಬಂದಳು. ಮಗುವನ್ನು ತವರಲ್ಲಿ ಬಿಟ್ಟು ಒಬ್ಬಳೇ ಬಂದಿದ್ದಳು. ಕೂರಲಿಲ್ಲ. ಕ್ಷಮಾಪಣೆ ಕೇಳಲಿಲ್ಲ, ಕಾಲಿಗೂ ಬೀಳಲಿಲ್ಲ. ನನಗೆ ಅವಳನ್ನು ಕಂಡರೆ ಆಗುವುದಿಲ್ಲವೆಂದು ಅವಳಿಗೆ ಗೊತ್ತು, ಅವಳಿಗೂ ನನ್ನನ್ನು ಕಂಡರೆ ಆಗುವುದಿಲ್ಲ, ಅದು ಬೇರೆ, ಓದಿದವಳಾಗಿ ಒಂದು ಮಾತು ಹೇಳಿಬಿಡು ಎಂದಳು. ಶಾಲೆಗೆ ಹೊತ್ತಾಯಿತೆಂದು ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬೀಗ ಹಾಕಿದೆ. ಬಸ್‌ಸ್ಟ್ಯಾಂಡಿನವರೆಗೂ ಅವಳು ನನ್ನ ಹಿಂದೆಯೇ ನಡೆದು ಬಂದಳು. ನಾನು ತಿರುಗಿ ನೋಡಲಿಲ್ಲ.

ಅವಳ ತವರಿನವರು ನಮ್ಮೂರಿಗೆ ಬಂದು ನ್ಯಾಯ ಕೇಳಿದರು. ಅರಳಿಕಟ್ಟೆಯ ಹತ್ತಿರ ಹಿರಿಯರು ಕೂತರು. ನನ್ನನ್ನೂ ಕರೆಸಿದರು, ಟೀಚರಮ್ಮ ಅಲ್ಲವೇ. ಎ-ಗೂ ಬಿ-ಗೂ ಓ ಹುಟ್ಟುತ್ತದಾ ಎಂದು ಒಬ್ಬ ಹಿರಿಯ ನೇರವಾಗಿಯೇ ಕೇಳಿದ. ನಾನು ನೆಲ ನೋಡಿಕೊಂಡು, ಇಂಥ ಮಾತಿನಲ್ಲಿ ನನ್ನನ್ನು ಸಿಕ್ಕಿಸಬೇಡಿ, ಅವನು ನನ್ನ ತಮ್ಮ, ನಾನೇನು ಹೇಳಲಿ ಅಂದೆ. ಎಲ್ಲರಿಗೂ ಅರ್ಥವಾಯಿತು. ಅಂದರೆ, ನಾನು ಅರ್ಥ ಮಾಡಿಸಬೇಕೆಂದುಕೊಂಡದ್ದು ಅರ್ಥವಾಯಿತು.

ಮಾದೇವಿ ಎದ್ದು ನಿಂತಳು. ಬೀರ ಕಾಲಿಗೆ ಪ್ಲಾಸ್ಟರಿನ ಮಾವುಕಟ್ಟು ಹಾಕಿಕೊಂಡು ಅವಳ ಸೊಂಟದ ಮೇಲಿದ್ದ.

"ಅವ್ಳಿಗೆ ಗೊತ್ತೈತೆ. ಅವ್ಳ ಮಕ ನೋಡಿ. ಅವ್ಳಿಗೆ ಗೊತ್ತೈತೆ."

ಯಾರೂ ನನ್ನ ಮುಖ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು.

ಆಮೇಲಿನ ವರ್ಷಗಳನ್ನು ಪಶ್ಚಾತ್ತಾಪದಲ್ಲಿ ಬೆಂದೆನೆಂದು ಬರೆದರೆ ನಿಮಗೆ ಹಿತವಾಗುತ್ತದೆ. ನಾನು ಬೇಯಲಿಲ್ಲ. ಸಿದ್ದ ಲಕ್ಷ್ಮಿಯನ್ನು ಮದುವೆಯಾದ. ಅವಳು ಮೆತ್ತಗಿನ ಹೆಂಗಸು, ನನ್ನನ್ನು ಕೇಳದೆ ಒಲೆ ಹೊತ್ತಿಸುತ್ತಿರಲಿಲ್ಲ. ನಾನು ಧರ್ಮಪುರಿಯ ಕೋಣೆ ಬಿಟ್ಟು ಮನೆಗೆ ವಾಪಸಾದೆ. ಅವರಿಗೆ ಸುಮತಿ ಹುಟ್ಟಿದಳು. ನನ್ನ ಕೈಯಲ್ಲೇ ಬೆಳೆದಳು. ರಾತ್ರಿ ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು. ಬೀರನ ನೆನಪು ಬಂದರೆ, ತಾಯಿ ಇದ್ದಾಳಲ್ಲ, ಸಾಕಿಕೊಳ್ಳಲಿ ಎಂದುಕೊಳ್ಳುತ್ತಿದ್ದೆ. ಆ ಪಾಠವನ್ನು ಮಾತ್ರ ಮಕ್ಕಳಿಗೆ ಹೇಳುವಾಗ ಬೇಗ ಬೇಗ ಮುಗಿಸುತ್ತಿದ್ದೆ. ಯಾರಾದರೂ ಹುಡುಗಿ ಎದ್ದು ಪ್ರಶ್ನೆ ಕೇಳಿದರೆ ಗದರುತ್ತಿದ್ದೆ.

ಹೋದ ವರ್ಷ ಸುಮತಿಯ ಶಾಲೆಯಲ್ಲಿ ಡಾಕ್ಟರುಗಳು ಬಂದು ಎಲ್ಲ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಹುಡುಗಿ ಬೆರಳಿಗೆ ಹತ್ತಿ ಒತ್ತಿಕೊಂಡು ಓಡಿಬಂದು, ಅಪ್ಪನ ಮುಂದೆಯೇ ಹೇಳಿದಳು, "ಅತ್ತೆ, ನಂದೂ ಓ ಅಂತೆ. ನಿಮ್ಮ ಗ್ರೂಪೇ."

ಸಿದ್ದ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. ಲಕ್ಷ್ಮಿಯದು ಎ, ಅವಳ ಹೆರಿಗೆಯ ಕಾಲದಲ್ಲಿ ಆಸ್ಪತ್ರೆಯಲ್ಲಿ ಹೇಳಿದ್ದು ನಮಗೆಲ್ಲ ಗೊತ್ತಿತ್ತು. ಅವನದೂ ಎ. ಒಲೆಯ ಮುಂದೆ ಕೂತಿದ್ದ ಲಕ್ಷ್ಮಿಗೆ ಏನೂ ತಿಳಿಯದು. ಅವಳು ಮಗಳ ಬೆರಳು ಹಿಡಿದು ಊದುತ್ತಿದ್ದಳು. ಅವಳ ಬೆನ್ನನ್ನು ಸಿದ್ದ ನೋಡಿದ ನೋಟ ನನಗೆ ಗೊತ್ತಿರುವ ನೋಟ. ಆಸ್ಪತ್ರೆಯ ಗೇಟಿನ ಹೊರಗೆ ಕಂಡಿದ್ದೆ.

ಅವನು ಎದ್ದು ಹಿತ್ತಲಿಗೆ ಹೋದ. ಕುರಿದೊಡ್ಡಿಯ ಹತ್ತಿರ ನಿಂತು ನನ್ನನ್ನು ಕರೆದ.

"ಇದೂ ಅಂಗೇನಾ ಅಕ್ಕ?"

ಈಗಲೂ ಒಂದು ಮಾತು ಸಾಕಿತ್ತು. ಬರೀ ನಿಟ್ಟುಸಿರು ಬಿಟ್ಟರೂ ಸಾಕಿತ್ತು — ಅವನು ಅಷ್ಟು ಪಳಗಿದ್ದ. ಇಲ್ಲವೇ, ಲಕ್ಷ್ಮಿಯನ್ನು ಮಾತ್ರ ಉಳಿಸಿ ಮಾದೇವಿಯನ್ನು ಹಾಗೇ ಬಿಡುವ ಯಾವುದಾದರೂ ಸುಳ್ಳನ್ನು ಕಟ್ಟಿ ಹೇಳಬಹುದಿತ್ತು, ಅವನಿಗೆ ಏನು ತಿಳಿಯುತ್ತಿತ್ತು? ಆ ಯೋಚನೆಯೂ ಬಂತು. ಮುಚ್ಚಿಡುವುದಿಲ್ಲ. ನಾನು ಬಾಯಿ ಬಿಟ್ಟದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಒಳಗೆ ಸುಮತಿ ನಗುವುದು ಕೇಳಿಸುತ್ತಿತ್ತು, ಅದಕ್ಕೆ.

"ಅಂಗಲ್ಲ. ಅವ್ವಂದು ಓ. ಅವ್ವ ನಂಗೂ ಕೊಟ್ಳು, ನಿಂಗೂ ಕೊಟ್ಳು. ನಿಂದ್ರಲ್ಲಿ ಅದು ಒಳ್ಗೇ ಐತೆ, ಕಾಣ್ಸಲ್ಲ. ಸುಮತಿ ನಿನ್ನ ಮಗ್ಳೇ."

ಅವನು ದೊಡ್ಡಿಯ ಬೇಲಿಗೆ ಒರಗಿದ. ನಿಧಾನದ ಮನುಷ್ಯ, ಆದರೆ ದಡ್ಡನಲ್ಲ.

"ಅಂಗಾದ್ರೆ ಬೀರ?"

"ಅವ್ನೂ."

"ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು. ಅವನು ಬೇಲಿಯ ಗೂಟ ಹಿಡಿದು ಕೆಳಗೆ ಕೂತುಬಿಟ್ಟ.

"ಬಸ್ನಾಗೆ ಕೂರ್ಸುವಾಗ ನನ್ನ ಕೈ ಹಿಡ್ಕಂಡಿದ್ದ ಕಣೆ ಅವ್ನು. ಅಪ್ಪಾ ಕಾಲು ನೋಯ್ತೈತೆ ಅಂತಿದ್ದ. ನಾನು ಬೆರ್ಳು ಒಂದೊಂದೇ ಬಿಡ್ಸಿದೆ."

ಆಮೇಲೆ ಅವನು ಹೇಳಿದ್ದು ಇಷ್ಟು: ಅಂದು ಕಟ್ಟೆಯ ಹತ್ತಿರ ಕೂತಿದ್ದವರ ಮುಂದೆ ಹೇಳು, ಆಮೇಲೆ ಈ ಮನೆಯಲ್ಲಿ ಇರಬೇಡ.

ಹೇಳಿದೆ. ಅಂದು ಕೂತಿದ್ದವರಲ್ಲಿ ಕೆಲವರು ಸತ್ತಿದ್ದರು, ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಉಳಿದವರ ಮುಂದೆ ನಿಂತು, ಆ ಮಗು ಸಿದ್ದನದೇ, ಅಂದೇ ನನಗೆ ಗೊತ್ತಿತ್ತು, ಹಗೆಯಿಂದ ಸುಮ್ಮನಿದ್ದೆ ಎಂದೆ. ಒಬ್ಬ ಹಿರಿಯ, ಈಗ ಯಾಕಮ್ಮ ಅದೆಲ್ಲ, ಅವರವರ ದಾರಿ ಅವರು ನೋಡಿಕೊಂಡಿದ್ದಾರೆ, ಅಂದ. ನೀರು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬಿಂದಿಗೆಯನ್ನು ಕೆಳಗಿಟ್ಟು, ನನ್ನ ಕಾಲ ಬುಡದಲ್ಲಿ ಉಗಿದು, ಮತ್ತೆ ಬಿಂದಿಗೆ ಎತ್ತಿಕೊಂಡು ಹೋದಳು. ಲಕ್ಷ್ಮಿ ನನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿಟ್ಟಿದ್ದಳು. ಸುಮತಿಯನ್ನು ಹೊರಗೆ ಬಿಡಲಿಲ್ಲ.

ಸಿದ್ದ ಮೊರಪ್ಪೂರಿಗೆ ಹೋಗಿ ಬಂದನಂತೆ. ಮಾದೇವಿ ಬಾಗಿಲು ತೆಗೆಯಲಿಲ್ಲವಂತೆ. ಬೀದಿಯಲ್ಲಿ ನಿಂತು ನಿಂತು ವಾಪಸು ಬಂದನಂತೆ. ಇದನ್ನೆಲ್ಲ ಬೇರೆಯವರ ಬಾಯಿಂದ ಕೇಳಿದೆ. ನನ್ನೊಂದಿಗೆ ಅವನು ಮಾತಾಡುವುದಿಲ್ಲ.

ನಾನೂ ಹೋದೆ. ಬೆಳಗಿನ ಹೊತ್ತು, ಅವಳು ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಕೂದಲು ನೆರೆತಿತ್ತು, ತೋಳು ಒಣಗಿ ಗಟ್ಟಿಯಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಬಾ ಎನ್ನಲಿಲ್ಲ. ನಾನು ಬೇಲಿಯ ಆಚೆಯೇ ನಿಂತು ಎಲ್ಲವನ್ನೂ ಹೇಳಿದೆ: ಚೌಕ, ಅವ್ವನ ಗುಂಪು, ಟೀ ಅಂಗಡಿ, ಕಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು. ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ತಲೆಯೆತ್ತಿದಳು.

"ನಂಗೆ ಗೊತ್ತಿಲ್ದೇ ಇರೋದು ಏನ್ ಯೋಳ್ದೆ ನೀನು?"

ಏನನ್ನೂ ಹೇಳಿರಲಿಲ್ಲ. ಅವಳ ಮಗ ಯಾರಿಗೆ ಹುಟ್ಟಿದನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ದೊಡ್ಡ ಗಂಟೆಂದು ನಾನು ಹೊತ್ತು ತಂದದ್ದು ಅವಳ ಮನೆಯ ಸಾಮಾನೇ ಆಗಿತ್ತು. ಅದನ್ನೇ ಅವಳು ಹದಿನೈದು ವರ್ಷದ ಹಿಂದೆ ಒಬ್ಬಳೇ ನಿಂತು ಹೇಳಿದ್ದಳು, ಯಾರೂ ನಂಬಿರಲಿಲ್ಲ.

ಬೀರನಿಗೆ ಹೇಳಲೇ ಎಂದು ಕೇಳಿದೆ. ಅಂದು ಕಟ್ಟೆಯ ಹತ್ತಿರ ಆಡಿದ್ದು ಅವನಿಗೆ ಅರ್ಥವಾಗಿರಲಿಲ್ಲ, ಈಗಲೂ ಈ ಸಂದೇಹದ ಮಾತು ಗೊತ್ತಿಲ್ಲವೆಂದಳು. ಅಪ್ಪ ಇನ್ನೊಬ್ಬಳಿಗಾಗಿ ಬಿಟ್ಟು ಹೋದನೆಂದಷ್ಟೇ ಹೇಳಿ ಬೆಳೆಸಿದ್ದಳು — ನಿನ್ನ ಹುಟ್ಟನ್ನೇ ಅನುಮಾನಿಸಿದರು ಎಂದು ಯಾವ ತಾಯಿ ಮಗುವಿಗೆ ಹೇಳುತ್ತಾಳೆ?

"ಅವ್ನಿಗೆ ಯೋಳೋದು ಬಿಡೋದು ನಂದು," ಎಂದಳು. "ನೀನು ಅವ್ನ ಮುಂದೆ ಬಾಯಿ ಬಿಟ್ಟೀಯಾ, ಜೋಕೆ."

ಬಿಡುವುದಿಲ್ಲವೆಂದೆ. ಇದನ್ನು ಬರೆಯುತ್ತಿರುವುದು ಆ ಮಾತಿಗೆ ತಪ್ಪಿದಂತೆಯೋ ಏನೋ. ಇಲ್ಲಿರುವ ಹೆಸರುಗಳೆಲ್ಲ ಬೇರೆ. ಬೀರನಿಗೆ ಓದಲು ಬರುವುದು ತಮಿಳು ಮಾತ್ರ, ಕನ್ನಡ ಬಾರದು. ಕನ್ನಡದಲ್ಲಿ ಬರೆಯಲು ಅದೂ ಒಂದು ಕಾರಣ. ಹೇಡಿತನವೆಂದರೆ ಹೌದು. ಮಾದೇವಿಯನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ — ಆ ನೋಟ, ಆ ಬಿಗಿದ ತುಟಿ. ಅವಳು ಪುಣ್ಯವತಿ ಎಂದು ಹೊಗಳಿದರೆ ನನ್ನ ಪಾಪ ತೊಳೆಯುವುದಿದ್ದರೂ ಹೊಗಳಲಾರೆ. ಅವಳು ನಿರಪರಾಧಿ. ಅಷ್ಟು ಮಾತ್ರ ಹೇಳುತ್ತೇನೆ, ಎಲ್ಲಿ ಬೇಕಾದರೂ, ಯಾರ ಮುಂದೆ ಬೇಕಾದರೂ.

ಬೇಲಿಯ ಬಳಿ ನಾನು ಹಾಗೆ ಮಾತು ಕೊಡುವಷ್ಟರಲ್ಲಿ ಬೈಕಿನ ಸದ್ದಾಯಿತು. ಎತ್ತರದ ಹುಡುಗ ಇಳಿದು ಬಂದ, ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಾ. ಅಗಲ ಹಣೆ. ನಮ್ಮ ಅವ್ವ ಗಂಡಸಾಗಿ ನಡೆದು ಬಂದ ಹಾಗಿತ್ತು.

"ಯಾರಮ್ಮ?" ಎಂದು ತಾಯಿಯನ್ನು ಕೇಳಿದ.

"ಯಾರೂ ಅಲ್ಲ," ಎಂದಳು ಮಾದೇವಿ. "ದಾರಿ ಕೇಳೋರು."

ಅವನು ನನ್ನ ಕಡೆ ತಿರುಗಿ, ಹೊರಗಿನವರೊಂದಿಗೆ ಆಡುವ ತಮಿಳಿನಲ್ಲಿ, "ಎಂಗ ಪೋಗಣುಂ?" ಎಂದ. ಧರ್ಮಪುರಿ ಎಂದೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಅಥವಾ ಹತ್ತಿತೋ — ಗೊತ್ತಿಲ್ಲ. ಈ ಹೊತ್ತಿನಲ್ಲಿ ಬಸ್ಸು ಇಲ್ಲಿ ನಿಲ್ಲುವುದಿಲ್ಲ, ಮುಂದಿನ ತಿರುವಿನವರೆಗೂ ನಡೆಯಬೇಕು, ಬನ್ನಿ, ಎಂದು ಮುಂದೆ ಹೊರಟ. ನಾನು ಹಿಂದೆ ನಡೆದೆ. ಬಿಸಿಲಿದೆಯೆಂದು ನನ್ನನ್ನು ಬೇವಿನ ನೆರಳಿನಲ್ಲಿ ನಿಲ್ಲಿಸಿ, ತಾನು ರಸ್ತೆಯಂಚಿನಲ್ಲಿ ನಿಂತು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ. ಈ ಅಮ್ಮನನ್ನು ನೋಡಿ ಇಳಿಸಿ ಎಂದು ಕಂಡಕ್ಟರಿಗೆ ಹೇಳಿದ.

ನಾನು ಕಿಟಕಿಯ ಪಕ್ಕದಲ್ಲಿ ಕೂತು ನೋಡಿದೆ. ಅವನು ಆಗಲೇ ಬೆನ್ನು ತಿರುಗಿಸಿ, ಆ ಕಾಲನ್ನು ಎಳೆದು ಹಾಕುತ್ತಾ, ತನ್ನ ಅವ್ವನ ಮನೆಯ ಕಡೆ ಹೊರಟಿದ್ದ. ದಾರಿ ಕೇಳಿದವಳನ್ನು ಯಾರು ತಿರುಗಿ ನೋಡುತ್ತಾರೆ.